ಹಿತ್ತಲ ಬಾಗಿಲಿನಿಂದ ಹೋದವರು

ನನ್ನ ನೌಕರಿಯ ಬಹುಭಾಗ ತಕ್ಕಡಿಯ ಎದುರಿಗೆ ಕಳೆಯಿತು. ಕಿರಾಣಿ ಅಂಗಡಿಯ ತಕ್ಕಡಿಯಲ್ಲ; ನ್ಯಾಯದೇವತೆಯದಂತೂ ಅಲ್ಲ. ಅಂಗನವಾಡಿಯ ಜಂತಿಗೆ ಹಗ್ಗ ಕಟ್ಟಿ ತೂಗುಬಿಟ್ಟ, ಗಡಿಯಾರದ ಮುಖದ ತಕ್ಕಡಿ. ಅದರ ಕೊಕ್ಕೆಗೆ ಚಡ್ಡಿಯ ಆಕಾರದ ಒಂದು ಚೀಲ, ಚೀಲದೊಳಗೆ ಒಂದು ಕೂಸು, ಕೂಸಿನ ಗಂಟಲಲ್ಲಿ ಓಣಿಯ ಆ ತುದಿಗೆ ಕೇಳುವ ಅಳು. ಮುಳ್ಳು ಅತ್ತಿತ್ತ ಓಲಾಡಿ ಒಂದು ಕಡೆ ನಿಲ್ಲುವವರೆಗೆ ಟೀಚರ್, ಸಹಾಯಕಿ, ಕೂಸಿನ ಅವ್ವ, ನಾನು ಎಲ್ಲರೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು. ಮುಳ್ಳು ನಿಂತ ಮೇಲೆ ಸರಕಾರಕ್ಕೆ ಸಮಾಧಾನ. ಕೂಸು ಯಾಕೆ ಅಷ್ಟು ಅಂಜಿತು, ಇಳಿಸಿದ ಮೇಲೆ ಯಾರ ಕಡೆಗೆ ಓಡಿತು ಎಂಬುದನ್ನು ಬರೆದುಕೊಳ್ಳಲು ಎಲ್ಲಿಯೂ ಜಾಗವಿರಲಿಲ್ಲ.

ಅಂಗನವಾಡಿ ಮೇಲ್ವಿಚಾರಕಿಯೆಂದು ನನ್ನನ್ನು ನೇಮಿಸಿಕೊಂಡ ಸರಕಾರ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳನ್ನು ವರ್ಗಾವಣೆಯ ಮೂಲಕ ನನಗೆ ಪರಿಚಯ ಮಾಡಿಸಿತು. ಸ್ವಂತ ಇಚ್ಛೆಯಿಂದ ನಾನು ಇಷ್ಟು ತಿರುಗುತ್ತಿರಲಿಲ್ಲ. ಹಾನಗಲ್ಲಿನಲ್ಲಿ ಭತ್ತದ ಗದ್ದೆಯ ಬದುವಿನ ಮೇಲೆ ಸೀರೆ ಎತ್ತಿಹಿಡಿದು ನಡೆದೆ. ಸವಣೂರಿನ ಮೀಟಿಂಗುಗಳಲ್ಲಿ ಚಹಾದ ಜೊತೆಗೆ ಅಲ್ಲಿನ ಕುರುಕಲು ಖಾರ ತಿಂದು, ಅದರ ಉರಿಯಲ್ಲಿ ವರದಿಯ ಉರಿಯನ್ನು ಮರೆತೆ. ಹುಲಗೂರಿನ ಕಡೆ ಒಬ್ಬ ಮುದುಕಿ ಮೊಮ್ಮಗನನ್ನು ಸೆರಗಿನಲ್ಲಿ ಮುಚ್ಚಿಕೊಂಡು, "ಕೂಸಿನ್ನ ಹತ್ತಿ ತೂಗಿದಂಗ ತೂಗಬ್ಯಾಡ್ರಿ ಬಾಯಾರ, ನೆದರ ಆಕ್ಕೈತಿ" ಎಂದು ಅಡ್ಡ ನಿಂತಳು. ಕಡೆಗೆ, ತೂಕವನ್ನು ಗಟ್ಟಿಯಾಗಿ ಓದದೆ ಅವಳ ಕಿವಿಯಲ್ಲಿ ಹೇಳಬೇಕು ಎಂಬ ಕರಾರಿನ ಮೇಲೆ ತೂಗಗೊಟ್ಟಳು. ದೃಷ್ಟಿ ತಾಗಬಾರದೆಂದು ಅರ್ಧ ಕಿಲೋ ಕಡಿಮೆ ಹೇಳಿದೆ. ಮುದುಕಿ ಸಂತೋಷಪಟ್ಟಳು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಅಳತೆಯ ವಿಷಯದಲ್ಲಿ ನಾನು ನಾಸ್ತಿಕಳಲ್ಲ. ತೂಕದ ನಕ್ಷೆಯಲ್ಲಿ ಕೆಂಪು ಬಣ್ಣಕ್ಕೆ ಇಳಿದಿದ್ದ ಕೂಸು ಆರು ತಿಂಗಳ ಮೊಟ್ಟೆ, ಹಾಲಿನಿಂದ ಹಸಿರಿಗೆ ಏರಿದ್ದನ್ನು ಕಣ್ಣಾರೆ ನೋಡಿದವಳು. ತೂಗದಿದ್ದರೆ ಅದು ತಿಳಿಯುತ್ತಿರಲಿಲ್ಲ. ಆದ್ದರಿಂದಲೇ, ನಾವು ಯಾವುದನ್ನು ಅಳೆಯುವುದಿಲ್ಲವೋ ಅದು ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬ ಮಾತು ನನಗೆ ತಡವಾಗಿಯಾದರೂ ಹೊಳೆಯಿತು. ಹೊಳೆಯಿಸಿದವಳು ಐದು ವರ್ಷ ದಾಟಿದ ಒಬ್ಬ ಹುಡುಗಿ.

ಹಿರೇಕೆರೂರು ನನ್ನ ಕೊನೆಯ ತಾಲೂಕು. ಹಂಸಭಾವಿಯಿಂದ ಚಿಕ್ಕೇರೂರಿನ ಕಡೆಗೆ ಹೋಗುವ ಭಾಗದಲ್ಲಿ ಒಂದು ಹಳ್ಳಿ. ಹೆಸರು ಬೇಡ, ಊರಿನವರು ಇನ್ನೂ ನನ್ನನ್ನು ಮಾತಾಡಿಸುತ್ತಾರೆ. ಅಲ್ಲಿನ ಅಂಗನವಾಡಿಗೆ ಒಂದೇ ಖೋಲಿ, ಅದಕ್ಕೆ ಅಂಟಿದಂತೆ ಅಡುಗೆಮನೆ, ಅಡುಗೆಮನೆಗೆ ಹಿತ್ತಲಿಗೆ ತೆರೆಯುವ ಒಂದು ಬಾಗಿಲು. ನಾನು ಮೊದಲ ಸಲ ಹೋದಾಗ ಟೀಚರ್ ಮಕ್ಕಳನ್ನು ಒಂದೊಂದಾಗಿ ತೋರಿಸಿದಳು. ಹೊಡೆಯುವವನು, ಕಚ್ಚುವವಳು, ಚಡ್ಡಿ ನಿಲ್ಲದವನು. ಎಲ್ಲರಾದ ಮೇಲೆ, ಹಬ್ಬದ ದಿನ ಕಡೆಗೆ ಹೋಳಿಗೆ ಬಡಿಸುವವರ ಹಾಗೆ, ಅಡುಗೆಮನೆಯ ಬಾಗಿಲ ಹತ್ತಿರ ಕೂತಿದ್ದ ಈ ಹುಡುಗಿಯ ತಲೆಯ ಮೇಲೆ ಕೈಯಿಟ್ಟಳು.

"ಈಕಿ ನೋಡ್ರಿ ಮೇಡಂ, ನಮ್ಮ ಸೆಂಟರಿನಾಗ ಭಾಳ ಶಾಣ್ಯಾ ಕೂಸು. ಅಳೂದಿಲ್ಲ, ಕಾಡೂದಿಲ್ಲ, ಜಗಳಿಲ್ಲ. ಕುಂದರ್ಸಿದಲ್ಲೆ ಕುಂದರ್ತಾಳ."

"ಅಲ್ಲೇ ಯಾಕ ಕುಂತಾಳ?"

"ಅನ್ನದ ವಾಸನಿಗಿ ಕುಂದರ್ತಾಳ್ರಿ" ಎಂದು ಸಹಾಯಕಿ ಒಳಗಿನಿಂದ ನಕ್ಕಳು.

ಶಾಣ್ಯಾ ಎಂದರೆ ಜಾಣ. ಆದರೆ ಕೂಸಿನ ಮಾತು ಬಂದಾಗ ನಮ್ಮ ಕಡೆ ಆ ಶಬ್ದಕ್ಕೆ, ದೊಡ್ಡವರಿಗೆ ತ್ರಾಸು ಕೊಡದ್ದು ಎಂದೇ ಅರ್ಥ. ಈ ಅರ್ಥದಲ್ಲಿ ನಾಲ್ಕೂ ತಾಲೂಕಿನಲ್ಲಿ ಅತ್ಯಂತ ಶಾಣ್ಯಾ ಇದ್ದದ್ದು ನಮ್ಮ ಕಚೇರಿಯ ಕಬ್ಬಿಣದ ಕಪಾಟು. ಹುಡುಗಿಯ ತೂಕ ಸರಿಯಿತ್ತು, ಎತ್ತರ ಸರಿಯಿತ್ತು, ತೋಳಿಗೆ ಸುತ್ತುವ ಪಟ್ಟಿ ಹಸಿರಿಗೇ ನಿಂತಿತು. ರಿಜಿಸ್ಟರಿನಲ್ಲಿ, ಮಗು ಇತರರೊಂದಿಗೆ ಹೊಂದಿಕೊಳ್ಳುತ್ತದೆಯೇ ಎಂಬ ಒಂದು ಸಾಲೂ ಇತ್ತು. ಟೀಚರ್ ಹೌದು ಎಂದು ಗುರುತು ಹಾಕಿದ್ದಳು. ಅಳುವ ಮಕ್ಕಳಿಗೆಲ್ಲ ಇಲ್ಲ. ಆ ದಿನ ಮಕ್ಕಳಿಗೆ ಬೇಯಿಸಿದ ಮೊಟ್ಟೆ, ನಮ್ಮ ಕಡೆಯ ಮಾತಿನಲ್ಲಿ ತತ್ತಿ, ಕೊಟ್ಟರು. ಉಳಿದವರು ತಿಂದು ಮುಗಿಸಿ ಪಕ್ಕದವರದಕ್ಕೆ ಕೈ ಹಾಕುವ ಹೊತ್ತಿಗೂ ಈಕೆ ತನ್ನ ತತ್ತಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತೇ ಇದ್ದಳು. ಹೆಗಲ ಮೇಲಿನ ಚೀಲವನ್ನೂ ಇಳಿಸಿರಲಿಲ್ಲ.

ಸಂಕ್ರಾಂತಿ ಆದಮೇಲೆ ಒಂದು ದಿನ, ನಾನು ಆ ಸೆಂಟರಿನಲ್ಲಿದ್ದಾಗ, ಹುಡುಗಿಯ ದೊಡ್ಡಪ್ಪ ಒಂದು ಕಾಗದ ಹಿಡಿದುಕೊಂಡು ಬಂದ. ತಂದೆ ಲಾರಿಯ ಮೇಲೆ ಊರೂರು ತಿರುಗುವವನು. ಮನೆಯ ಹಿರಿತನ ಈ ಅಣ್ಣನದು. ಟೊಪ್ಪಿಗೆ ತೆಗೆದು, ಮಕ್ಕಳ ಸಾಲಿನಲ್ಲೇ ನೆಲಕ್ಕೆ ಕೂತ.

"ಬಾಯಾರ, ಇದಕ್ಕೊಂದು ನಿಮ್ಮ ಸಹಿ ಬೇಕಾಗಿತ್ರಿ. ದೂರದ ಊರಾಗ ಮೂಕ ಹುಡುಗ್ರ ಸಾಲಿ ಐತಂತ. ಊಟ, ಅರಿವಿ, ಮಲಗೂದು ಎಲ್ಲಾ ಅಲ್ಲೇ. ಈಕಿ ಮಾತಾಡೂದಿಲ್ಲ ಅಂತ ನೀವು ಬರದು ಕೊಟ್ರ ಜೂನಿನಾಗ ತಗೋತಾರಂತ."

"ಅಯ್ಯ, ಆಕಿ ಎಷ್ಟ ಶಾಣ್ಯಾಕಿ ಅದಾಳ!" ಎಂದಳು ಟೀಚರ್.

"ಶಾಣ್ಯಾಕಿ ಖರೇರಿ ಅಕ್ಕೋರ. ಬಾಯಿ ಇಲ್ಲಲ್ಲ."

"ಕಿವಿ ಕೇಳ್ತಾವೇನು?" ಎಂದೆ.

"ಪರಾತದಾಗ ಚಮಚಾ ಬಿದ್ರ ತಿರುಗಿ ನೋಡ್ತಾಳ್ರಿ. ಡಾಕ್ಟರ್ ಕಡೆ ತೋರಿಸೇವಿ, ನಾಲಗಿ ಚಲೋ ಐತಿ ಅಂದ್ರು. ಮೊದಲ ಗಿಣಿ ಮಾತಾಡಿದಂಗ ಮಾತಾಡ್ತಿದ್ಲು. ಈಗೊಂದು ವರ್ಷಾತು, ಮನ್ಯಾಗ ಹೂಂ, ಊಹೂಂ ಅಷ್ಟ. ಹೊರಗ ಬಂದ್ರ ಅದೂ ಇಲ್ಲ. ತಾಯತಾ ಕಟ್ಟಿಸಿದ್ವಿ."

"ಅಷ್ಟ ಸಣ್ಣ ಕೂಸಿನ್ನ ಅಷ್ಟ ದೂರ ಬಿಡ್ತೀರೇನು?"

ಅವನು ಟೊಪ್ಪಿಗೆಯನ್ನು ಮೊಣಕಾಲಿನ ಮೇಲೆ ಹಾಕಿ ಸರಿಮಾಡಿದ. "ಇಲ್ಲೆ ಸಾಲಿಗೆ ಒಂದನೇತ್ತಕ್ಕ ಹಾಕಿದ್ರ ಹುಡುಗ್ರು ಮೂಕಿ, ಮೂಕಿ ಅಂತ ಕಾಡ್ತಾವ್ರಿ. ಅಲ್ಲೆ ಎಲ್ಲಾರೂ ಹಂಗ ಇರ್ತಾರ. ಯಾರೂ ಯಾರ್ನೂ ಕಾಡೂದಿಲ್ಲ."

ಕೆಟ್ಟ ಮನುಷ್ಯನ ಮಾತಲ್ಲ ಅದು. ಆದ್ದರಿಂದಲೇ ಕಷ್ಟವಾಯಿತು. ಕೆಟ್ಟ ಮನುಷ್ಯನಾಗಿದ್ದರೆ ಗದರಿಸಿ ಕಳಿಸಬಹುದಿತ್ತು. ಮಾತಾಡಬಲ್ಲ ಮಗುವೊಂದು ನನ್ನ ಒಂದು ಸಹಿಯ ಮೇಲೆ ಮೂಕಿಯಾಗಿ, ಮನೆ ಬಿಟ್ಟು ದೂರದೂರಿಗೆ ಹೋಗುವುದು ಈಗ ನನ್ನ ಪೆನ್ನಿನಲ್ಲಿತ್ತು. ಹುಡುಗಿ ನಮ್ಮ ಮಾತನ್ನೆಲ್ಲ ಕೇಳುತ್ತ, ನಮ್ಮನ್ನು ನೋಡದೆ, ಅಡುಗೆಮನೆಯ ಬಾಗಿಲನ್ನು ನೋಡುತ್ತಿದ್ದಳು.

"ಜೂನಿನ ತನಕಾ ತಡೀರಿ. ಸರಕಾರದ ಸಹಿ ತಾಬಡತೋಬ ಆಗೂದಿಲ್ಲ" ಎಂದೆ.

"ಅದು ನಮಗ ಗೊತ್ತೈತ್ರಿ" ಎಂದು ಅವನು ಎದ್ದ.

ಮರುವಾರ ನಾನು ಆ ಸೆಂಟರಿಗೆ ಹೊತ್ತಿಗೆ ಮುಂಚೆ ಹೋಗಿ ಒಂದು ಮೂಲೆಯಲ್ಲಿ ಕೂತೆ. ಅದು ಬೀಜದ ಪ್ಲಾಟುಗಳ ದಿನಮಾನ. ಆ ಭಾಗದಲ್ಲಿ ಹೆಂಗಸರು ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಾರೆ. ಒಂದು ಗಿಡದ ಹೂವಿನ ಪರಾಗವನ್ನು ಇನ್ನೊಂದರ ಹೂವಿಗೆ ಕೈಯಿಂದಲೇ ಮುಟ್ಟಿಸುವ ಕೆಲಸ. ಬಿಸಿಲೇರಿದರೆ ಹೂವು ಮಾತು ಕೇಳುವುದಿಲ್ಲ. ಅದಕ್ಕೇ ಟೆಂಪೋ ಬೆಳಿಗ್ಗೆಯೇ ಬಂದು ಹಾರನ್ ಒತ್ತುತ್ತದೆ, ಸಹಾಯಕಿ ಬೇಗನೆ ಬಾಗಿಲು ತೆಗೆದಿರುತ್ತಾಳೆ, ತಾಯಂದಿರು ಮಕ್ಕಳನ್ನು ತಂದು ಬಿಡುತ್ತಾರೆ. ಬಿಡುವುದೆಂದರೆ ಹೇಗೆ? ಅದಕ್ಕೊಂದು ಪದ್ಧತಿಯಿದೆ. ನಾಲ್ಕೂ ತಾಲೂಕಿನಲ್ಲಿ ಅದನ್ನು ಸಾವಿರ ಸಲ ನೋಡಿದ್ದೆ. ಅಂದು ಕೂತು ನೋಡಿದೆ.

ತಾಯಿ ಕೂಸನ್ನು ಇಳಿಸುತ್ತಾಳೆ. ಸಹಾಯಕಿ ಕಿಟಕಿಯ ಕಡೆ ಕೈ ಮಾಡಿ, "ಏ, ಅಲ್ಲಿ ನೋಡೋ, ಮಂಗ್ಯಾ ಬಂತು ಮಂಗ್ಯಾ!" ಎನ್ನುತ್ತಾಳೆ. ಕೂಸು ಆ ಕಡೆ ತಿರುಗುತ್ತದೆ. ತಾಯಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಅಡುಗೆಮನೆಯೊಳಗೆ ಹಾದು, ಹಿತ್ತಲ ಬಾಗಿಲಿನಿಂದ ಪಾರಾಗುತ್ತಾಳೆ. ಕೂಸು ಮತ್ತೆ ತಿರುಗಿ ನೋಡಿದಾಗ ಮಂಗ್ಯಾನೂ ಇಲ್ಲ, ಅವ್ವನೂ ಇಲ್ಲ. ಒಂದಿಷ್ಟು ಹೊತ್ತು ಅಳು, ಆಮೇಲೆ ಶೇಂಗಾ ಉಂಡಿ, ಆಮೇಲೆ ಮರೆವು. ಇದನ್ನು ಯಾರೂ ಮೋಸ ಎನ್ನುವುದಿಲ್ಲ. ಕೂಸಿಗೆ ತಿಳಿಸಿ ಹೋಗಿ ಅಳಿಸುವವಳೇ ಕಟುಕಿ. ಕಣ್ಣು ತಪ್ಪಿಸಿ ಹೋಗುವವಳು ಕರುಳುಳ್ಳವಳು. ಈ ವಿದ್ಯೆಗೆ ಪದವಿ ಕೊಡುವುದಾದರೆ ನಮ್ಮ ಭಾಗದ ಎಲ್ಲ ತಾಯಂದಿರೂ ಡಾಕ್ಟರೇಟ್ ಪಡೆದವರು. ಆ ಕಿಟಕಿಯ ಹೊರಗೆ ಈ ತನಕ ಒಂದೇ ಒಂದು ಮಂಗ ಬಂದದ್ದಿಲ್ಲ.

ಹುಡುಗಿಯನ್ನು ಅವಳ ಅವ್ವ ಕರೆತಂದಳು. ಸಹಾಯಕಿ ಮಂಗ್ಯಾ ಎಂದಳು. ಹುಡುಗಿ ಕಿಟಕಿಯ ಕಡೆ ತಿರುಗಲೇ ಇಲ್ಲ. ನೇರವಾಗಿ ಅಡುಗೆಮನೆಯ ಬಾಗಿಲ ಹತ್ತಿರ ಹೋಗಿ ಕೂತಳು. ತಾಯಿ ಅವಳ ಪಕ್ಕದಿಂದಲೇ, ಅವಳನ್ನು ನೋಡದವಳ ಹಾಗೆ, ಹಾದು ಹೋದಳು. ಹುಡುಗಿ ಸೆರಗು ಹಿಡಿಯಲಿಲ್ಲ, ಅಳಲಿಲ್ಲ. ಹೋದ ಬಾಗಿಲನ್ನು ನೋಡುತ್ತ ಕೂತಳು. ಮಧ್ಯಾಹ್ನದವರೆಗೂ ಹಾಗೇ ಕೂತಿದ್ದಳು. ಅನ್ನದ ವಾಸನೆಗೆ ಕೂತದ್ದಲ್ಲ ಎಂದು ಸಹಾಯಕಿಗೂ ಅಂದು ತಿಳಿದಿರಬೇಕು, ನಗಲಿಲ್ಲ.

"ಬಂದ ಹೊಸದಾಗ ಒಂದು ವಾರ ಅತ್ತಳ್ರಿ" ಎಂದಳು ಟೀಚರ್ ಮೆಲ್ಲಗೆ. "ಆಮ್ಯಾಲೆ ಶಾಣ್ಯಾ ಆದ್ಲು ಅಂತ ನಾವೆಲ್ಲಾ ಖುಷಿ ಪಟ್ವಿ."

ತಾಲೂಕಿನ ಮೀಟಿಂಗಿನಲ್ಲಿ ನಾನು ಈ ವಿಷಯ ಎತ್ತಿದೆ. ನಮ್ಮ ಸಾಹೇಬರು ಸಜ್ಜನರು, ಅಂಕಿಯ ಮೇಲೆ ಅಪಾರ ಭಕ್ತಿಯುಳ್ಳವರು. ತೂಕದ ವಿಷಯ, ತತ್ತಿಯ ವಿಷಯ, ಮುರಿದ ತಕ್ಕಡಿಯ ವಿಷಯ ಎಲ್ಲ ಮುಗಿದ ಮೇಲೆ, ಇತರೆ ಎಂಬಲ್ಲಿ ಎದ್ದು ನಿಂತೆ. ಮಕ್ಕಳ ಮನಸ್ಸು, ಅವರು ಮಂದಿಯೊಡನೆ ಬೆರೆಯುವ ಬಗೆ, ಇದನ್ನೂ ತಿಂಗಳಿಗೊಮ್ಮೆ ನೋಡಿ ಬರೆಯೋಣ ಎಂದೆ.

ಸಾಹೇಬರು ಕನ್ನಡಕ ತೆಗೆದರು. "ಮನಸ್ಸು ತೂಗೂ ತಕ್ಕಡಿ ಎಲ್ಲಿ ಸಿಗತೈತ್ರಿ ಮೇಡಂ? ಟೆಂಡರ್ ಕರಿಬೇಕಾಕ್ಕೈತೇನು?"

ಸಭೆ ನಕ್ಕಿತು. ನಾನೂ ನಕ್ಕೆ, ಸಾಹೇಬರ ಹಾಸ್ಯಕ್ಕೆ ನಗುವುದು ಸೇವಾ ನಿಯಮಗಳಲ್ಲಿ ಇಲ್ಲದಿದ್ದರೂ ಇದ್ದಂತೆಯೇ.

"ತಕ್ಕಡಿ ಬ್ಯಾಡ್ರಿ ಸರ್. ಒಂದೀಟು ಹೊತ್ತು ಸುಮ್ನ ಕುಂತು ನೋಡಿದ್ರ ಸಾಕು. ಅವ್ವ ಬಿಟ್ಟು ಹೋಗೂವಾಗ ಕೂಸು ಏನ ಮಾಡ್ತೈತಿ, ಅವ್ವ ಹೊಳ್ಳಿ ಬಂದಾಗ ಏನ ಮಾಡ್ತೈತಿ. ಬಿದ್ದು ಪೆಟ್ಟಾದ್ರ ಯಾರ ಕಡೆ ಓಡತೈತಿ, ಇಲ್ಲಾ ಯಾರ ಕಡೆನೂ ಓಡೂದಿಲ್ಲೋ. ಆಟಗಿ ಸಾಮಾನು ಕಸಗೊಂಡ್ರ ಅಳತೈತೋ, ಹೊಡಿತೈತೋ, ಕೊಟ್ಟು ಸುಮ್ನ ಕುಂದರತೈತೋ."

"ಕೊಟ್ಟು ಸುಮ್ನ ಕುಂದ್ರೂದು ಚಲೋ ಅಲ್ಲೇನ್ರಿ?"

"ಒಮ್ಮೊಮ್ಮೆ ಚಲೋ ಸರ್. ಯಾವಾಗ್ಲೂ ಅಂದ್ರ ಅಲ್ಲ."

ಆಗ ಹಿಂದಿನ ಸಾಲಿನಿಂದ ಒಬ್ಬ ಹಿರಿಯ ಟೀಚರ್, "ಓಟಿನ ಕೆಲಸ ನಮಗ, ಸರ್ವೇ ನಮಗ, ಲಸಿಕಿ ದಿನ ಕೂಗಿ ಕರಿಯೂದು ನಮಗ. ಈಗ ಮನಸ್ಸೂ ನಮಗ ಏನ್ರಿ?" ಎಂದಳು. ಅದಕ್ಕೆ ಯಾರೂ ನಗಲಿಲ್ಲ. ಅವಳು ಹೇಳಿದ್ದು ನ್ಯಾಯವೇ. ನನ್ನೊಳಗೆ ಒಂದು ಅಂಜಿಕೆಯೂ ಇತ್ತು. ನಮ್ಮ ಜನ ಏನು ಕೊಟ್ಟರೂ ಅದನ್ನು ಪರೀಕ್ಷೆ ಮಾಡಿಬಿಡುತ್ತಾರೆ. ನಾಳೆ, ಈ ಕೂಸಿಗೆ ಮನಸ್ಸಿನಲ್ಲಿ ನೂರಕ್ಕೆ ಮೂವತ್ತು, ನಪಾಸು ಎಂದು ಬರೆದು, ಮನಸ್ಸಿನ ಟ್ಯೂಷನ್ನಿಗೆ ಕಳಿಸಿದರೆ? ಆದ್ದರಿಂದ ನಾನು ಕೇಳಿದ್ದು ಅಂಕವನ್ನಲ್ಲ. ಪ್ರತಿ ಮಗುವನ್ನೂ ತಿಂಗಳಿಗೊಮ್ಮೆ ಒಬ್ಬರು ನಿಜವಾಗಿ ನೋಡಬೇಕು, ಕಂಡದ್ದನ್ನು ಎರಡು ಮಾತಿನಲ್ಲಿ ಬರೆಯಬೇಕು, ತಾಯಿಯೊಡನೆ ಕೂತು ಅದನ್ನು ಆಡಬೇಕು. ಅಷ್ಟೇ. ಅಳುವ ಕೂಸಿನ ಕಡೆ ಹೇಗೂ ಲಕ್ಷ್ಯ ಹೋಗುತ್ತದೆ. ಸುಮ್ಮನಿರುವ ಕೂಸಿಗೆ ನಮ್ಮ ಲಕ್ಷ್ಯ ಸಿಗಬೇಕಾದರೆ ಹೀಗೊಂದು ಕಟ್ಟಳೆ ಬೇಕು. ಇಲ್ಲದಿದ್ದರೆ ಅದು ಶಾಣ್ಯಾ ಎನ್ನಿಸಿಕೊಳ್ಳುತ್ತಲೇ ಮುಳುಗುತ್ತದೆ.

"ಒಂದು ಸೆಂಟರಿನಾಗ ಮಾಡಿ ನೋಡ್ರಿ" ಎಂದರು ಸಾಹೇಬರು. "ಲಿಖಿತ ಆದೇಶ ಇಲ್ಲ. ಚಲೋ ಆದ್ರ ಇಲಾಖೆ ಮಾಡಿದ್ದು. ಕೆಟ್ರ ನೀವು ಮಾಡಿದ್ದು."

ಇಷ್ಟು ಸ್ಪಷ್ಟವಾದ ಆಡಳಿತಾತ್ಮಕ ಮಂಜೂರಾತಿ ನನ್ನ ಸೇವೆಯಲ್ಲಿ ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ.

ಒಂದು ಸಂಜೆ ಹುಡುಗಿಯ ಮನೆಗೆ ಹೋದೆ. ತಾಯಿ ಆಗಷ್ಟೇ ಪ್ಲಾಟಿನಿಂದ ಬಂದಿದ್ದಳು. ಬೆರಳ ತುದಿ ಪರಾಗದಿಂದ ಹಳದಿಯಾಗಿತ್ತು. ನನಗೆ ಚಹಾಕ್ಕೆ ಇಡುತ್ತ, ಕೇಳುವ ಮೊದಲೇ ದೂರು ಹೇಳತೊಡಗಿದಳು.

"ತಲಿ ಸರಿ ಇಲ್ಲೇನೋ ಅನಸತೈತ್ರಿ ಬಾಯಾರ. ಮೊನ್ನೆ ಹಾಸಿಗಿ ಬಿಸಲಿಗೆ ಹಾಕೂನಂತ ಕೌದಿ ಬಿಚ್ಚೀನಿ, ಒಳಗ ತತ್ತಿ! ಕೊಳತು ನಾರಾಕತ್ತಿದ್ವು. ನಿಮ್ಮ ಅಂಗನವಾಡಿ ತತ್ತಿರಿ. ತಿನ್ನೂದು ಬಿಟ್ಟು ತಂದು ಮುಚ್ಚಿಟ್ಟಾಳ. ಎರಡು ಏಟು ಕೊಟ್ಟೆ. ಆದ್ರೂ ಬಾಯಿ ಬಿಡಲಿಲ್ಲ."

"ಯಾರ ಕೌದಿ ಅದು?"

"ನಮ್ಮತ್ತೀದ್ರಿ. ಹೋದ ವರ್ಷ ತೀರ್ಕೊಂಡ್ರಲ್ಲ. ಈಕಿನ್ನ ಸಾಕಿದಾಕೀನ ಅಕಿ. ನಾ ಹೊಲಾ, ಕ್ರಾಸಿಂಗ್ ಅಂತ ಅಡ್ಡಾಡಾಕಿ."

"ಅಜ್ಜಿ ಸತ್ತದ್ದು ಈಕಿಗೆ ಹೇಳೀರೇನು?"

"ಕೂಸಿಗೆ ಸಾವು ತೋರಸ್ತಾರೇನ್ರಿ? ಅವತ್ತ ಬಾಜೂ ಮನ್ಯಾಗ ಇಟ್ಟಿದ್ವಿ. ಅಜ್ಜಿ ಹುಬ್ಬಳ್ಳಿ ದವಾಖಾನಿಗೆ ಹೋಗ್ಯಾಳ, ಬರ್ತಾಳ ಅಂತ ಭಾವಾರು ಹೇಳಿದ್ರು. ಮರತಾಳ ಬಿಡ್ರಿ ಈಗ." ಬೋಗುಣಿಯಲ್ಲಿ ಚಹಾ ಉಕ್ಕಿತು. ಇಳಿಸುತ್ತ, ತನ್ನಷ್ಟಕ್ಕೆ ಎಂಬಂತೆ ಹೇಳಿದಳು: "ನಮ್ಮತ್ತೀಗೆ ಹಲ್ಲಿರಲಿಲ್ರಿ. ಕುದಿಸಿದ ತತ್ತಿ ಅಂದ್ರ ಜೀವ."

ಆಮೇಲೆ ಅವಳ ಕೈ ನಿಂತಿತು. ಬೋಗುಣಿಯನ್ನು ಒಲೆಯ ಪಕ್ಕ ಇಟ್ಟು, ನೆಲದ ಮೇಲೆ ಕೂತಳು. ಹುಡುಗಿ ಹೊಸ್ತಿಲ ಹತ್ತಿರ, ಚೀಲ ಹೆಗಲಿಗೆ ಹಾಕಿಕೊಂಡೇ, ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಚಹಾ ಕುಡಿದ ನೆನಪು ನನಗಿಲ್ಲ.

ಹೊರಡುವ ಮೊದಲು ನಾನು ಒಂದೇ ಮಾತು ಕೇಳಿದೆ. "ನಾಳಿಂದ ಮುಂದಿನ ಬಾಗಲದಿಂದ, ಆಕಿಗೆ ಹೇಳಿ ಹೋಗ್ತೀಯೇನವಾ?"

"ಹೇಳಿದ್ರ ಅಳ್ತಾಳ್ರಿ."

"ಅಳಲಿ."

"ಅಳೂ ಕೂಸಿನ್ನ ಬಿಟ್ಟು ಗಾಡಿ ಹತ್ತಾಕ ಕಾಲ ಏಳೂದಿಲ್ರಿ ಬಾಯಾರ" ಎಂದಳು. ಅಲ್ಲಿಯವರೆಗೆ ನನಗೆ ಹೊಳೆಯದ ಸಂಗತಿ ಅದು. ಹಿತ್ತಲ ಬಾಗಿಲು ಕೂಸಿನ ಅನುಕೂಲಕ್ಕೆ ಇದ್ದದ್ದಲ್ಲ.

ಮರುದಿನ ಟೆಂಪೋ ಬಂದಾಗ ತಾಯಿ ಅಂಗನವಾಡಿಯ ಮುಂಬಾಗಿಲಲ್ಲಿ ಹುಡುಗಿಯ ಎದುರು ಕುಕ್ಕರಗಾಲಿನಲ್ಲಿ ಕೂತಳು. "ಅವ್ವಿ, ನಾ ಕೆಲಸಕ್ಕ ಹೋಗಿ ಬರ್ತೇನಿ. ಬಿಸಲು ಈ ಹೊಸ್ತಲಾ ದಾಟಿ ಒಳಗ ಬಂತಂದ್ರ ನಾನೂ ಬರ್ತೇನಿ." ಆ ಬಾಗಿಲು ಪಡುವಣಕ್ಕಿದೆ; ಇಳಿಹೊತ್ತಿಗೆ ಬಿಸಿಲು ಒಳಗೆ ಬರುತ್ತದೆ. ಹುಡುಗಿ ಅವ್ವನ ಮುಖ ನೋಡಿದಳು, ಎದ್ದು ನಿಂತ ಅವ್ವನ ಕಾಲು ನೋಡಿದಳು, ಮತ್ತೆ ಒಂದು ವರ್ಷದಿಂದ ಕಟ್ಟಿಟ್ಟದ್ದನ್ನೆಲ್ಲ ಒಮ್ಮೆಲೇ ಬಿಟ್ಟಳು. ಸೆರಗು ಹಿಡಿದು, ನೆಲಕ್ಕೆ ಬಿದ್ದು, ಹೊರಳಿ ಅತ್ತಳು. ಓಣಿಯ ಮಂದಿ ಹೊರಗೆ ಬಂದರು.

"ಏ ನಡಿಯವಾ ತಾಯಿ, ಹೂವು ಬಾಡತಾವ!" ಎಂದು ಟೆಂಪೋದಿಂದ ಒಬ್ಬಳು ಕೂಗಿದಳು.

"ಕೂಸಿನ್ನ ಕೊಂದು ಹೊಂಟಾಳ ನೋಡು, ಹೇಳಿ ಹೋಗ್ತಾರೇನ ಯಾರರ!" ಎಂದಳು ಇನ್ನೊಬ್ಬಳು. ಹಾರನ್ ನಿಲ್ಲಲಿಲ್ಲ. ತಾಯಿ ಸೆರಗು ಬಿಡಿಸಿಕೊಂಡು, ಬಾಯಿಗೆ ಅದನ್ನೇ ಒತ್ತಿಕೊಂಡು ಗಾಡಿ ಹತ್ತಿದಳು. ಟೀಚರ್ ನನ್ನ ಕಡೆ ತಿರುಗಿ, "ಇದ್ದೊಂದು ಶಾಣ್ಯಾ ಕೂಸಿನ್ನೂ ಕೆಡಿಸಿಬಿಟ್ರಿ ಮೇಡಂ" ಎಂದಳು. ಆದರೆ ಹೇಳುತ್ತಲೇ ಹುಡುಗಿಯನ್ನು ಎತ್ತಿಕೊಂಡಳು. ಆ ಸೆಂಟರಿನಲ್ಲಿ ಅವಳನ್ನು ಯಾರಾದರೂ ಎತ್ತಿಕೊಂಡದ್ದನ್ನು ನಾನು ನೋಡಿದ್ದು ಅಂದೇ ಮೊದಲು. ಶಾಣ್ಯಾ ಕೂಸನ್ನು ಎತ್ತಿಕೊಳ್ಳುವ ಪ್ರಸಂಗ ಬರುವುದಿಲ್ಲ.

ಅಂದು ಬಿಸಿಲು ಹೊಸ್ತಿಲು ದಾಟಿತು. ತಾಯಿ ಬಂದಳು. ಹುಡುಗಿ ಓಡಿ ಹೋಗಿ ತಬ್ಬಿಕೊಂಡಳು ಎಂದು ಬರೆದರೆ ಚೆನ್ನಾಗಿರುತ್ತದೆ, ಹಾಗಾಗಲಿಲ್ಲ. ಅವಳು ಅವ್ವನ ಮೊಣಕಾಲಿಗೆ ಒಂದು ಗುದ್ದು ಕೊಟ್ಟು, ಮುಖ ತಿರುವಿ ನಡೆದಳು. ತಿಂಗಳ ಮೀಟಿಂಗಿನಲ್ಲಿ ನಾನು ವರದಿ ಓದಿದೆ. "ಪ್ರಗತಿ ಇದೆ. ಮಗು ಈಗ ಅಳುತ್ತದೆ. ತಾಯಿಗೆ ಹೊಡೆಯುತ್ತದೆ." ಸಾಹೇಬರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ನನ್ನ ನಿವೃತ್ತಿಗೆ ಎಷ್ಟು ದಿನ ಉಳಿದಿದೆ ಎಂದು ಎಣಿಸುತ್ತಿದ್ದರೇನೋ.

ಅಳು ದಿನದಿಂದ ದಿನಕ್ಕೆ ಗಿಡ್ಡವಾಯಿತು. ಹುಡುಗಿ ಅಡುಗೆಮನೆಯ ಬಾಗಿಲು ಬಿಟ್ಟು ಮುಂಬಾಗಿಲಿಗೆ ಬಂದಳು, ಅಲ್ಲಿಂದ ಮೆಲ್ಲನೆ ಮಕ್ಕಳ ನಡುವೆ. ಒಂದು ದಿನ ಚೀಲ ಇಳಿಸಿದಳು. ಟೆಂಪೋ ಕೆಟ್ಟು ತಾಯಿ ತಡವಾಗಿ ಬಂದ ದಿನ ಎಲ್ಲ ಮೊದಲಿನಂತಾಯಿತು, ಮತ್ತೆ ಶುರುಮಾಡಿದೆವು. ಟೀಚರ್ ಬೇರೆ ತಾಯಂದಿರಿಗೂ ಹೇಳಿ ಹೋಗಿರೆಂದು ಹಟ ಹಿಡಿದಳು. ಕೆಲವರು ಕೇಳಿದರು, ಕೆಲವರಿಗೆ ಮಂಗ್ಯಾನೇ ಗತಿ. ತತ್ತಿಯನ್ನು ಹುಡುಗಿ ಅರ್ಧ ತಿನ್ನುತ್ತಿದ್ದಳು. ಇನ್ನರ್ಧ ಮುಷ್ಟಿಯಲ್ಲೇ ಇರುತ್ತಿತ್ತು. ಮಾತು ಮಾತ್ರ ಬರಲಿಲ್ಲ.

ಮೇ ತಿಂಗಳಲ್ಲಿ ದೊಡ್ಡಪ್ಪ ಹಾದಿಯಲ್ಲಿ ಸಿಕ್ಕ. ಬೈಕು ನಿಲ್ಲಿಸಿದ. "ಹೇಳೀನ್ರಿ ಬಾಯಾರ" ಎಂದ, ನಾನು ಏನೂ ಕೇಳದಿದ್ದರೂ. "ಅವ್ವನ್ನ ಹೊಲದಾಗ ಮಣ್ಣ ಮಾಡೇವಲ್ಲ, ಅಲ್ಲಿಗೆ ಕರಕೊಂಡು ಹೋದೆ. ಅಜ್ಜಿ ಇಲ್ಲೆ ಮಲಗ್ಯಾಳ ಅನ್ನಾವಿದ್ದೆ. ಮತ್ತ ಅದೂ ಸುಳ್ಳ ಆಕ್ಕೈತಿ ಅನಿಸ್ತು. ಸತ್ತಾಳವಾ, ಇನ್ನ ಬರೂದಿಲ್ಲ, ನಾ ನಿನಗ ಸುಳ್ಳ ಹೇಳಿದ್ದೆ ಅಂದೆ."

"ಏನ ಮಾಡಿದ್ಲು?"

"ಭಾಳೊತ್ತು ಮಣ್ಣ ನೋಡಿದ್ಲು. ಆಮ್ಯಾಲೆ ನನ್ನ ನೋಡಿದ್ಲು." ಅವನು ಬೈಕಿನ ಹ್ಯಾಂಡಲ್ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದ. "ನಮ್ಮವ್ವನ್ನ ಮಣ್ಣ ಮಾಡಿದ ದಿನಾನೂ ನಾ ಅತ್ತಿದ್ದಿಲ್ರಿ." ಕಿಕ್ ಮೇಲೆ ಕಾಲಿಟ್ಟು ಕೇಳಿದ: "ಸಹಿ? ಜೂನ್ ಬಂತಲ್ರಿ. ಇನ್ನೂ ಬಾಯಿ ಬಿಟ್ಟಿಲ್ಲ ಆಕಿ."

"ಮುಂದಿನ ಸಲ ಬಂದಾಗ ಮುಗಿಸೂಣು" ಎಂದೆ. ಹೇಗೆ ಮುಗಿಸುವುದೋ ನನಗೇ ಗೊತ್ತಿರಲಿಲ್ಲ. ಬರೆದರೆ ಅವಳು ಹೋಗುತ್ತಾಳೆ; ಬರೆಯದಿದ್ದರೆ ಒಂದನೇ ಇಯತ್ತೆಯಲ್ಲಿ, ಅವನು ಹೇಳಿದ ಹಾಗೆಯೇ, ಮೂಕಿ ಎನ್ನಿಸಿಕೊಳ್ಳುತ್ತಾಳೆ.

ಮುಂದಿನ ಸಲ ಹೋದದ್ದು ಶಾಲೆ ಶುರುವಾಗುವ ಹೊಸ್ತಿಲಲ್ಲಿ. ಕಾಗದ ನನ್ನ ಬ್ಯಾಗಿನಲ್ಲಿತ್ತು. ತೂಕ ನೋಡಿದೆವು, ತತ್ತಿ ಹಂಚಿದರು. ಮಕ್ಕಳು ತಿನ್ನುತ್ತಿದ್ದರು, ಗದ್ದಲವಾಗುವುದು ಬೇಡವೆಂದು, ಟೀಚರಿಗೆ ಕಣ್ಣಲ್ಲೇ ಹೇಳಿ, ಚಪ್ಪಲಿ ಕೈಯಲ್ಲಿ ಹಿಡಿದು, ನಾನು ಅಡುಗೆಮನೆಯೊಳಗೆ ನಡೆದೆ. ಸ್ಕೂಟಿಯನ್ನು ಹಿತ್ತಲ ಬೇವಿನ ನೆರಳಿನಲ್ಲಿ ನಿಲ್ಲಿಸಿದ್ದೆ. ಅಧಿಕಾರಿಗಳು ತಪಾಸಣೆ ಮುಗಿಸಿ ಹೀಗೆಯೇ ಹೋಗುವುದು. ನಾನಂತೂ ಯಾವಾಗಲೂ ಹೀಗೆಯೇ ಹೋಗುತ್ತಿದ್ದೆ.

ಹಿತ್ತಲ ಬಾಗಿಲ ಅಗುಳಿಗೆ ಕೈ ಹಾಕಿದಾಗ ಹಿಂದಿನಿಂದ ಒಂದು ದನಿ ಬಂತು. ಬಹಳ ದಿನ ಬಳಸದ ಕೀಲಿಯ ಹಾಗೆ ತುಸು ಜಂಗು ಹಿಡಿದ ದನಿ.

"ಹೇಳದ ಹೊಂಟ್ರೇನ್ರಿ?"

ತಿರುಗಿ ನೋಡಿದೆ. ಹುಡುಗಿ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಿದ್ದಳು. ಕೈಯಲ್ಲಿ ಅರ್ಧ ತತ್ತಿ, ಮುಖದಲ್ಲಿ ಸಾಹೇಬರಿಗೂ ಇಲ್ಲದಷ್ಟು ಅಧಿಕಾರ. ಸಹಾಯಕಿಯ ಕೈಯಿಂದ ಸೌಟು ಪಾತ್ರೆಯೊಳಗೆ ಜಾರಿತು. ಒಳಗಿನ ಗದ್ದಲವೂ ನಿಂತಿತು, ಒಬ್ಬ ಹುಡುಗ ಮಾತ್ರ, "ಅಕ್ಕೋರ, ಆಕಿ ಮಾತಾಡಿದ್ಲ್ರಿ!" ಎಂದು ಕೂಗಿದ.

ಜವಾಬು ಕೇಳುವ ನೌಕರಿಯವಳಾದ ನನಗೆ ಜವಾಬು ಕೊಡುವ ಅಭ್ಯಾಸ ಕಡಿಮೆ. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಖೋಲಿಯೊಳಗೆ ವಾಪಸು ಬಂದೆ. ಮುಂಬಾಗಿಲಲ್ಲಿ ಅದನ್ನು ಕೆಳಗಿಟ್ಟು ಮೆಟ್ಟಿದೆ. "ತಪ್ಪಾತವಾ. ಹೋಗಿ ಬರ್ತೇನಿ" ಎಂದೆ.

ಅವಳಿಗೆ ಅಷ್ಟಕ್ಕೆ ಸಮಾಧಾನವಿರಲಿಲ್ಲ. "ಯಾವಾಗ?"

"ಬರೂ ತಿಂಗಳ, ತೂಕದ ದಿನ."

ಹುಡುಗಿ ಕೈಯಲ್ಲಿದ್ದ ಅರ್ಧ ತತ್ತಿಯನ್ನು ಬಾಯಿಗೆ ಹಾಕಿಕೊಂಡು ಒಳಗೆ ಹೋದಳು.

ಅಂದು ಸಂಜೆಯೇ ಕಾಗದವನ್ನು ಸಹಿಯಿಲ್ಲದೆ ದೊಡ್ಡಪ್ಪನ ಕೈಗೆ ಕೊಟ್ಟೆ. ಮೇಲ್ವಿಚಾರಕಿಯನ್ನು ತಡೆದು ನಿಲ್ಲಿಸಿ ವಿವರಣೆ ಕೇಳಿದ ವ್ಯಕ್ತಿಯನ್ನು ಮಾತಾಡದವಳೆಂದು ದೃಢೀಕರಿಸುವ ಅಧಿಕಾರ ನನಗಿಲ್ಲ ಎಂದೆ. ಅವನು ಕಾಗದವನ್ನು ಮಡಿಚಿದ, ಇನ್ನೊಮ್ಮೆ ಮಡಿಚಿದ, ಟೊಪ್ಪಿಗೆಯ ಒಳಗಿಟ್ಟುಕೊಂಡು ತಲೆಗೆ ಹಾಕಿಕೊಂಡ.

ರಿಜಿಸ್ಟರಿನ ಆ ಸಾಲು ಈಗಲೂ ಹಾಗೆಯೇ ಇದೆ: ಮಗು ಇತರರೊಂದಿಗೆ ಹೊಂದಿಕೊಳ್ಳುತ್ತದೆಯೇ, ಹೌದು, ಇಲ್ಲ. ನಿವೃತ್ತಿಯ ನಂತರವೂ ನಾನು ಕರೆದಲ್ಲಿ, ಕೆಲವು ಸಲ ಕರೆಯದಲ್ಲಿಯೂ ಹೋಗಿ, ಕೂಸುಗಳನ್ನು ಕೂತು ನೋಡಿ ಎಂದು ಹೇಳುತ್ತೇನೆ. ಕೆಲವು ಟೀಚರುಗಳು ನೋಡುತ್ತಾರೆ. ಕೆಲವರು, ಮೇಡಮ್ಮಾರಿಗೆ ಪೆನ್ಶನ್ ಬರುತ್ತದೆ, ಹೊತ್ತು ಹೋಗುವುದಿಲ್ಲ ಎನ್ನುತ್ತಾರೆ. ಎರಡೂ ನಿಜ.

ಅಂದು ಹುಡುಗಿಗೆ ಮಾತು ಕೊಟ್ಟಿದ್ದ ಆ ಬರುವ ತಿಂಗಳ ತೂಕದ ದಿನ ನನಗೆ ಹಾನಗಲ್ಲಿನಲ್ಲಿ ಮನೆಯವರ ಕಡೆಯ ಒಂದು ಮದುವೆ ಇತ್ತು. ಅಕ್ಷತೆ ಹಾಕಿ, ಊಟಕ್ಕೆ ನಿಲ್ಲದೆ, ರೇಷ್ಮೆ ಸೀರೆಯಲ್ಲೇ ಎರಡು ಬಸ್ಸು ಬದಲಿಸಿ ಆ ಹಳ್ಳಿಗೆ ಹೋದೆ. ಹುಡುಗಿ ಪಕ್ಕದ ಶಾಲೆಯ ಒಂದನೇ ಇಯತ್ತೆಗೆ ಸೇರಿದ್ದಳು. ಅಂಗನವಾಡಿಗೆ ಅವಳು ಬರುವ ಕಾರಣವಿರಲಿಲ್ಲ. ನಾನು ತಕ್ಕಡಿಯ ಮುಳ್ಳು ನಿಲ್ಲುವುದನ್ನು ಕಾಯುತ್ತಿದ್ದಾಗ ಶಾಲೆಯ ಸಣ್ಣ ಬಿಡುವಿನ ಗಂಟೆಯಾಯಿತು. ಮುಂಬಾಗಿಲಲ್ಲಿ ಎರಡು ತಲೆಗಳು ಕಂಡವು. ಒಂದು ಅವಳದು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಸೀರೆಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು.

"ಬಂದಾರ" ಎಂದು ಪಕ್ಕದವಳಿಗೆ ಹೇಳಿದಳು. ಇಬ್ಬರೂ ಓಡಿ ಹೋದರು.